ಯಾವ ಊರಿನ ಜಾಝ್?

1923ರ ಏಪ್ರಿಲ್ ತಿಂಗಳ ಮೊದಲ ವಾರ ಏಳು ಜನರ ಒಂದು ಬ್ಯಾಂಡು ಶಿಕಾಗೊದಿಂದ ಹೊರಟು ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಸಣ್ಣ ಊರಿಗೆ ಬಂತು. ಅಲ್ಲಿ ಸ್ಟಾರ್ ಎಂಬ ಪಿಯಾನೊ ಕಾರ್ಖಾನೆ ಇತ್ತು. ಅದರ ಮಾಲೀಕರು ಜೆನೆಟ್ ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನೂ ಮಾಡುತ್ತಿದ್ದರು. ಧ್ವನಿಮುದ್ರಣದ ಕೋಣೆಗೆ ತಾಗಿದಂತೆಯೇ ರೈಲು ಹಳಿ ಇದ್ದುದರಿಂದ ಗಾಡಿ ಬಂದಾಗಲೆಲ್ಲ ವಾದ್ಯ ಕೆಳಗಿಟ್ಟು ಕಾಯಬೇಕಿತ್ತು. ಬ್ಯಾಂಡಿನ ನಾಯಕ ಜೋ ಆಲಿವರ್. ಜನ ಅವರನ್ನು 'ಕಿಂಗ್' ಎನ್ನುತ್ತಿದ್ದರು. ಎರಡನೆಯ ಕಾರ್ನೆಟ್ ಊದುತ್ತಿದ್ದದ್ದು ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಅವರ ಸ್ವರ ಉಳಿದವರನ್ನೆಲ್ಲ ನುಂಗಿಹಾಕುತ್ತಿದ್ದುದರಿಂದ ಮುದ್ರಣದ ಕಹಳೆಯಿಂದ ದೂರ, ಕೋಣೆಯ ಹಿಂಭಾಗದಲ್ಲಿ ನಿಲ್ಲಿಸಬೇಕಾಯಿತೆಂದು ಪಿಯಾನೊ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ತಟ್ಟೆಗಳನ್ನು ಇಂದು 'ನ್ಯೂ ಆರ್ಲಿಯನ್ಸ್ ಶೈಲಿ'ಯ ಶ್ರೇಷ್ಠ ಮಾದರಿ ಎಂದು ಕೇಳಿಸುತ್ತಾರೆ. ವಾದಕರಲ್ಲಿ ಹೆಚ್ಚಿನವರು ನ್ಯೂ ಆರ್ಲಿಯನ್ಸಿನವರು ಎಂಬುದು ನಿಜ. ಆದರೆ ಲಿಲ್ ಹಾರ್ಡಿನ್ ಮೆಂಫಿಸ್‌ನವರು. ಬ್ಯಾಂಡಿಗೆ ದಿನದಿನದ ಅನ್ನ ಕೊಡುತ್ತಿದ್ದದ್ದು ಶಿಕಾಗೊದ ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆ. ಮುದ್ರಣವಾದದ್ದು ಇಂಡಿಯಾನಾದಲ್ಲಿ. ಹೀಗಿರುವಾಗ ಈ ಸಂಗೀತವನ್ನು ಯಾವ ಊರಿನ ಲೆಕ್ಕಕ್ಕೆ ಬರೆಯಬೇಕು?

ಜಾಝ್ ಕುರಿತು ಬರೆಯುವವರಿಗೆ ನಗರಗಳ ಪಟ್ಟಿಯ ಮೇಲೆ ವಿಪರೀತ ಮೋಹ. ನ್ಯೂ ಆರ್ಲಿಯನ್ಸ್ ಉಲ್ಲಾಸದ ಊರು, ಶಿಕಾಗೊ ಬಿರುಸಿನದು, ನ್ಯೂಯಾರ್ಕ್ ನಯನಾಜೂಕಿನದು, ಕ್ಯಾನ್ಸಸ್ ಸಿಟಿ ನಿರಾಳದ್ದು, ಕ್ಯಾಲಿಫೋರ್ನಿಯಾ ತಣ್ಣಗಿನದು ಎಂದು ಊರಿಗೊಂದು ಸ್ವಭಾವ ಅಂಟಿಸಿ, ಆ ಸ್ವಭಾವವೇ ಸಂಗೀತವಾಗಿ ಹರಿಯಿತು ಎನ್ನುತ್ತಾರೆ. ಈ ವಿವರಣೆ ನನಗೆ ಎಂದೂ ಒಗ್ಗಿಲ್ಲ. ವಾದಕನಿಗೆ ಆ ಊರಿನಲ್ಲಿ ಸಿಗುತ್ತಿದ್ದ ಕೆಲಸ ಎಂಥದು, ರಾತ್ರಿಗೆ ಎಷ್ಟು ಹೊತ್ತು ನುಡಿಸಬೇಕಿತ್ತು, ಕೋಣೆ ಎಷ್ಟು ದೊಡ್ಡದು, ಕೇಳುವವರು ಕುಣಿಯುತ್ತಿದ್ದರೋ ಕೂತಿರುತ್ತಿದ್ದರೋ, ಒಳಗೆ ಯಾರಿಗೆ ಪ್ರವೇಶವಿರಲಿಲ್ಲ, ದುಡ್ಡು ಯಾರ ಜೇಬಿನಿಂದ ಬರುತ್ತಿತ್ತು ಎಂಬುದನ್ನು ವಿಚಾರಿಸಿದರೆ ಶೈಲಿಯ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ಉಳಿದ ಕಾಲು ಪಾಲು ಪ್ರತಿಭೆ. ಅದು ಯಾವ ವಿವರಣೆಗೂ ಸಿಗುವಂಥದಲ್ಲ.

ಕಿರಾನಾ, ಗ್ವಾಲಿಯರ್, ಆಗ್ರಾ ಎಂದು ಊರ ಹೆಸರಿನ ಘರಾನೆಗಳನ್ನು ಕೇಳುತ್ತ ಬಂದ ನಮಗೆ ಇದೂ ಅಂಥದೇ ಅನ್ನಿಸುವುದು ಸಹಜ. ಆದರೆ ಉತ್ತರ ಪ್ರದೇಶದ ಕಿರಾನಾದ ಗಾಯನಶೈಲಿ ಕುಂದಗೋಳ-ಧಾರವಾಡದ ಕಡೆ ಬೇರುಬಿಟ್ಟದ್ದು ಗುರುವಿನಿಂದ ಶಿಷ್ಯನಿಗೆ ಇಳಿದ ಪಾಠದಿಂದ. ಊರು ಬದಲಾದರೂ ಗಾಯನದ ಕ್ರಮ ಉಳಿಯಿತು. ಜಾಝ್‌ನಲ್ಲಿ ವಾದಕ ಅವನೇ ಇದ್ದರೂ ಊರು ಬದಲಾದೊಡನೆ ನುಡಿಸುವ ಕ್ರಮ ಬದಲಾದ ಉದಾಹರಣೆಗಳೇ ಹೆಚ್ಚು.

ನ್ಯೂ ಆರ್ಲಿಯನ್ಸ್ ಮಿಸಿಸಿಪ್ಪಿ ನದಿಯ ತುದಿಯ ಬಂದರು. ಫ್ರೆಂಚರು 1718ರಲ್ಲಿ ಕಟ್ಟಿದ ಊರು, ಕೆಲ ದಶಕ ಸ್ಪೇನಿನ ಆಳ್ವಿಕೆಯಲ್ಲಿದ್ದು, 1803ರಲ್ಲಿ ಅಮೆರಿಕಕ್ಕೆ ಮಾರಾಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ವಾದಕರಿಗಿದ್ದ ಕೆಲಸದಲ್ಲಿ ದೊಡ್ಡ ಪಾಲು ಬೀದಿಯದು. ಮೆರವಣಿಗೆ, ವನಭೋಜನ, ಜಾಹೀರಾತಿನ ಗಾಡಿ ಎಲ್ಲಕ್ಕೂ ಬ್ಯಾಂಡು ಬೇಕು. ಸಾವಿಗಂತೂ ಬೇಕೇ ಬೇಕು. ಕಪ್ಪು ಜನ ತಿಂಗಳು ತಿಂಗಳು ವಂತಿಗೆ ಹಾಕಿ ನಡೆಸುತ್ತಿದ್ದ ಪರಸ್ಪರ ಸಹಾಯ ಸಂಘಗಳು ಸದಸ್ಯ ತೀರಿಕೊಂಡರೆ ಬ್ಯಾಂಡು ಗೊತ್ತುಮಾಡುತ್ತಿದ್ದವು. ಮಸಣದವರೆಗೆ ನಿಧಾನದ ಭಕ್ತಿಗೀತೆ, ಮಣ್ಣು ಮಾಡಿ ತಿರುಗಿ ಬರುವಾಗ ಕುಣಿತದ ನಡೆ. ಬ್ಯಾಂಡಿನ ಹಿಂದೆ ಕುಣಿಯುತ್ತ ಬರುವ ಜನಕ್ಕೆ 'ಸೆಕೆಂಡ್ ಲೈನ್' ಎಂಬ ಹೆಸರಿದೆ. ಇಂದಿಗೂ ಅದು ಬಳಕೆಯ ಮಾತು.

ಬಯಲಿನಲ್ಲಿ ನುಡಿಸುವ ಸಂಗೀತಕ್ಕೆ ಗೋಡೆಯ ಪ್ರತಿಧ್ವನಿಯ ಆಸರೆ ಇಲ್ಲ. ಮೆಲುದನಿ ಗಾಳಿಗೆ ಹೋಗುತ್ತದೆ. ಮುಂದಾಳುಗಳಾಗಿ ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್ ನಿಂತದ್ದು ಇದೇ ಕಾರಣಕ್ಕೆ. ಮೂವರೂ ಏಕಕಾಲಕ್ಕೆ ತಮ್ಮ ತಮ್ಮ ಮನೋಧರ್ಮದಂತೆ ನುಡಿಸಿದರೂ ಅದು ಗದ್ದಲವಾಗದಿರುವುದಕ್ಕೆ ಕಿವಿಯ ವಿಜ್ಞಾನದಲ್ಲಿ ಉತ್ತರವಿದೆ. ಒಟ್ಟಿಗೆ ಬರುವ ದನಿಗಳು ಸ್ಥಾಯಿಯಲ್ಲೂ ನಾದಗುಣದಲ್ಲೂ ಸಾಕಷ್ಟು ದೂರವಿದ್ದರೆ ಮಿದುಳು ಅವನ್ನು ಬೇರೆ ಬೇರೆ ಎಳೆಗಳಾಗಿ ಬಿಡಿಸಿಕೊಳ್ಳುತ್ತದೆ. ಕಾರ್ನೆಟ್ ನಡುವಿನ ಸ್ಥಾಯಿಯಲ್ಲಿ ಹಾಡಿನ ಧಾಟಿ ಹಿಡಿದಿರುತ್ತದೆ, ಕ್ಲಾರಿನೆಟ್ ಮೇಲೆ ಬಳ್ಳಿಯಂತೆ ಸುತ್ತುತ್ತದೆ, ಟ್ರಾಂಬೋನ್ ಕೆಳಗೆ ಜಾರುತ್ತ ಬುನಾದಿ ತೋರಿಸುತ್ತದೆ. ಟ್ರಾಂಬೋನಿನ ಆ ಜಾರುವ ಶೈಲಿಗೆ 'ಟೇಲ್‌ಗೇಟ್' ಎನ್ನುತ್ತಾರೆ. ಜಾಹೀರಾತಿನ ಗಾಡಿಯಲ್ಲಿ ಉದ್ದನೆಯ ಕೊಳವೆ ಹಿಂದೆಮುಂದೆ ಆಡಿಸಲು ಜಾಗ ಸಾಲದೆ ಟ್ರಾಂಬೋನಿನವನು ಹಿಂದಿನ ಬಾಗಿಲ ಬಳಿ ಕೂರುತ್ತಿದ್ದುದರಿಂದ ಬಂದ ಹೆಸರು ಅದು.

ಈ ಊರಿನ ಮತ್ತೊಂದು ಸಂಗತಿ ಕಾನೂನಿನದು. ಫ್ರೆಂಚ್ ಮಾತಾಡುವ, ಮಿಶ್ರ ಮೂಲದ, ಎಷ್ಟೋ ತಲೆಮಾರುಗಳಿಂದ ಸ್ವತಂತ್ರರಾಗಿದ್ದ ಕ್ರಿಯೋಲ್ ಜನರಲ್ಲಿ ಸ್ವರಲಿಪಿ ಓದಬಲ್ಲ, ಶಾಸ್ತ್ರೀಯವಾಗಿ ಕಲಿತ ವಾದಕರು ಬಹಳ ಇದ್ದರು. ಕೆನಾಲ್ ಸ್ಟ್ರೀಟಿನ ಆಚೆ ಬದಿಯ ಕಪ್ಪು ಜನರಲ್ಲಿ ಬಹುಪಾಲು ಕಿವಿಯಿಂದ ಕಲಿತವರು. ಬ್ಲೂಸ್ ಮತ್ತು ಚರ್ಚಿನ ಹಾಡು ಅವರ ಬೆನ್ನೆಲುಬು. ರೈಲಿನಲ್ಲಿ ಕಪ್ಪು-ಬಿಳಿಯರಿಗೆ ಬೇರೆ ಬೇರೆ ಡಬ್ಬಿ ಇರಬೇಕೆಂಬ ಲೂಸಿಯಾನಾ ರಾಜ್ಯದ 1890ರ ಕಾನೂನನ್ನು ಪ್ರಶ್ನಿಸಿದ ಹೋಮರ್ ಪ್ಲೆಸಿ ಇದೇ ನಗರದ ಕ್ರಿಯೋಲ್. 1896ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಹೀಗೆ ಕಾನೂನು ಕ್ರಿಯೋಲರನ್ನೂ 'ಕಪ್ಪು' ಎಂಬ ಒಂದೇ ಕೋಣೆಗೆ ತಳ್ಳಿದ್ದರಿಂದ ಓದುವ ವಾದಕರೂ ಕಿವಿಯ ವಾದಕರೂ ಬೆರೆತು ಜಾಝ್ ಹುಟ್ಟಿತು ಎಂಬ ಕಥೆ ಪ್ರಸಿದ್ಧ. ಕಥೆ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ. ಅಂಥ ಬೆರಕೆ ಆ ತೀರ್ಪಿಗಾಗಿ ಕಾದು ಕೂತಿರಲಿಲ್ಲ. ಆದರೂ ಒಳ್ಳೆಯ ಸಂಬಳದ ಬಿಳಿಯರ ಕೆಲಸಗಳ ಬಾಗಿಲು ಮುಚ್ಚುತ್ತ ಹೋದಂತೆ ಎರಡೂ ಗುಂಪಿನವರು ಒಂದೇ ಕೂಲಿಗೆ ಪೈಪೋಟಿ ನಡೆಸಬೇಕಾಯಿತು ಎಂಬಷ್ಟನ್ನು ಒಪ್ಪಬಹುದು.

ಇನ್ನೊಂದು ಕಥೆಯನ್ನು ಮಾತ್ರ ಒಪ್ಪಲಾಗದು. 1897ರಲ್ಲಿ ಸ್ಥಾಪನೆಯಾದ ಸ್ಟೋರಿವಿಲ್ ಎಂಬ ವೇಶ್ಯಾವಾಡಿಯನ್ನು ನೌಕಾದಳದ ಒತ್ತಾಯದಿಂದ 1917ರ ನವೆಂಬರಿನಲ್ಲಿ ಮುಚ್ಚಿದ್ದರಿಂದ ವಾದಕರೆಲ್ಲ ಗಂಟುಮೂಟೆ ಕಟ್ಟಿ ಶಿಕಾಗೊಗೆ ಹೋದರು ಎನ್ನುತ್ತಾರೆ. ಆದರೆ ಆ ಊರಿನ ಪಿಯಾನೊವಾದಕ ಜೆಲ್ಲಿ ರೋಲ್ ಮಾರ್ಟನ್ ಅದಕ್ಕೂ ಎಷ್ಟೋ ವರ್ಷ ಮೊದಲೇ ದೇಶ ಸುತ್ತುತ್ತಿದ್ದರು. ಫ್ರೆಡಿ ಕೆಪ್ಪರ್ಡ್ ಇದ್ದ ಒರಿಜಿನಲ್ ಕ್ರಿಯೋಲ್ ಆರ್ಕೆಸ್ಟ್ರಾ 1914ರಿಂದಲೇ ವಾಡೆವಿಲ್ ರಂಗಮಂದಿರಗಳಲ್ಲಿ ಊರೂರು ನುಡಿಸುತ್ತಿತ್ತು. ಮೊದಲ ಜಾಝ್ ತಟ್ಟೆಯೆಂದು ಹೆಸರಾದದ್ದು ನ್ಯೂಯಾರ್ಕಿನಲ್ಲಿ ಮುದ್ರಣವಾದದ್ದು 1917ರ ಫೆಬ್ರುವರಿ 26ರಂದು. ನುಡಿಸಿದವರು ನ್ಯೂ ಆರ್ಲಿಯನ್ಸಿನ ಬಿಳಿಯ ಹುಡುಗರು. ವಾದಕರು ಹೋದದ್ದು ಕೇಳುವವರು ಹೋದ ದಾರಿಯಲ್ಲೇ. ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ಹಿಂಸೆಯನ್ನೂ ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ಕಾರ್ಖಾನೆಗಳಿಗೆ ಹೊರಟ ಕಾಲ ಅದು. ಇಲಿನಾಯ್ ಸೆಂಟ್ರಲ್ ರೈಲು ನ್ಯೂ ಆರ್ಲಿಯನ್ಸಿನಿಂದ ನೇರ ಶಿಕಾಗೊಗೆ ಹೋಗುತ್ತಿತ್ತು. ಶಿಕಾಗೊದ ಕಪ್ಪು ಜನಸಂಖ್ಯೆ 1910ರಲ್ಲಿ ಸುಮಾರು 44 ಸಾವಿರ, 1920ರಲ್ಲಿ 1 ಲಕ್ಷ 9 ಸಾವಿರ, 1930ರಲ್ಲಿ 2 ಲಕ್ಷ 34 ಸಾವಿರ.

ಶಿಕಾಗೊದಲ್ಲಿ ಬೀದಿ ಮೆರವಣಿಗೆ ಕಡಿಮೆಯಾಯಿತು. ಚಳಿಯ ಊರು, ಕೆಲಸವೆಲ್ಲ ನಾಲ್ಕು ಗೋಡೆಯೊಳಗೆ, ಸೌತ್ ಸೈಡಿನ ಕ್ಯಾಬರೆ ಮತ್ತು ನೃತ್ಯಶಾಲೆಗಳಲ್ಲಿ. 1920ರಿಂದ ಪಾನನಿಷೇಧ ಜಾರಿಯಾಗಿತ್ತು, ಕಳ್ಳದಾರಿಯ ಹೆಂಡ ಧಾರಾಳವಾಗಿ ಹರಿಯುತ್ತಿತ್ತು, ಕೆಲವು ಕ್ಲಬ್ಬುಗಳ ಮೇಲೆ ಅಲ್ ಕಪೋನನಂಥವರ ಹಿಡಿತವಿತ್ತು. ಇಲ್ಲಿ ಜನ ಮೇಜಿಗೆ ಕೂತು ಒಬ್ಬೊಬ್ಬ ವಾದಕನನ್ನು ದಿಟ್ಟಿಸಿ ನೋಡಬಹುದಿತ್ತು. ಒಟ್ಟಾಗಿ ಹೆಣೆಯುವ ಬದಲು ಒಬ್ಬೊಬ್ಬರೇ ಸರದಿಯಂತೆ ಎದ್ದು ನುಡಿಸುವ ಏಕವಾದನ ಇಂಥಲ್ಲಿ ಬೆಳೆಯಲು ಅನುಕೂಲ. ಬೆಳೆಸಿದವರು ಮುಖ್ಯವಾಗಿ ಆರ್ಮ್‌ಸ್ಟ್ರಾಂಗ್. 1925ರ ನವೆಂಬರಿನಲ್ಲಿ ಶುರುವಾದ ಅವರ ಹಾಟ್ ಫೈವ್ ಬಹುತೇಕ ಮುದ್ರಣಕ್ಕಾಗಿಯೇ ಸೇರಿದ ತಂಡ. 1928ರ 'ವೆಸ್ಟ್ ಎಂಡ್ ಬ್ಲೂಸ್' ತಟ್ಟೆಯ ಆರಂಭದಲ್ಲಿ ಜೊತೆವಾದ್ಯಗಳೇ ಇಲ್ಲದೆ ಅವರೊಬ್ಬರೇ ಊದುವ ಆಲಾಪದಂಥ ಭಾಗ ಕೇಳಿದರೆ, ಐದೇ ವರ್ಷಗಳಲ್ಲಿ ಕೋಣೆಯ ಹಿಂಭಾಗದ ಹುಡುಗ ಎಲ್ಲಿಗೆ ಬಂದು ನಿಂತ ಎಂಬುದು ತಿಳಿಯುತ್ತದೆ.

ಶೈಲಿಗಳ ಬಗ್ಗೆ ಪುಸ್ತಕಗಳು ಹೇಳುವ ಒಂದು ಮಾತನ್ನು ಇಲ್ಲಿ ಸಾವಧಾನವಾಗಿ ಪರೀಕ್ಷಿಸಬೇಕು. ನ್ಯೂ ಆರ್ಲಿಯನ್ಸ್ ಎಂದರೆ ಟ್ಯೂಬಾ ಮತ್ತು ಬ್ಯಾಂಜೊ, ಮುಂದಿನ ಊರುಗಳಲ್ಲಿ ಅವುಗಳ ಜಾಗಕ್ಕೆ ತಂತಿಯ ಡಬಲ್ ಬಾಸ್ ಮತ್ತು ಗಿಟಾರ್ ಬಂದವು ಎಂದು ಸರಳವಾಗಿ ಬರೆಯುತ್ತಾರೆ. ಜಾಝ್‌ನ ಆದಿಪುರುಷರಲ್ಲೊಬ್ಬರೆಂದು ಎಣಿಸುವ ಬಡಿ ಬೋಲ್ಡನ್ ಅವರ ಯಾವ ಮುದ್ರಣವೂ ಉಳಿದಿಲ್ಲ. 1907ರಲ್ಲೇ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1931ರಲ್ಲಿ ಅಲ್ಲಿಯೇ ತೀರಿಕೊಂಡರು. ಉಳಿದಿರುವುದು 1905ರ ಆಸುಪಾಸಿನ ಒಂದು ಮಾಸಿದ ಫೋಟೊ. ಆ ಫೋಟೊದಲ್ಲಿ ಟ್ಯೂಬಾ ಇಲ್ಲ, ಬ್ಯಾಂಜೊ ಇಲ್ಲ. ಇರುವುದು ಡಬಲ್ ಬಾಸ್ ಮತ್ತು ಗಿಟಾರ್! ಬೀದಿಗೆ ಒಂದು ಬಗೆ, ಒಳಾಂಗಣದ ಕುಣಿತಕ್ಕೆ ಇನ್ನೊಂದು ಬಗೆ ಎಂದು ನ್ಯೂ ಆರ್ಲಿಯನ್ಸಿನವರು ಮೊದಲಿನಿಂದಲೂ ಬೇರೆ ವಾದ್ಯ ಬಳಸುತ್ತಿದ್ದರು.

ತಪ್ಪುಕಲ್ಪನೆ ಹುಟ್ಟಿದ್ದು ಧ್ವನಿಮುದ್ರಣದ ಯಂತ್ರದಿಂದ. 1925ಕ್ಕೂ ಮುಂಚಿನ ಧ್ವನಿಮುದ್ರಣದಲ್ಲಿ ವಿದ್ಯುತ್ತಿನ ಪಾತ್ರವೇ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು, ಗಾಳಿಯ ಕಂಪನವೇ ಪೊರೆಯನ್ನು ಅಲುಗಿಸಿ, ಅದಕ್ಕೆ ಜೋಡಿಸಿದ ಮುಳ್ಳು ಮೇಣದಲ್ಲಿ ಗೆರೆ ಕೊರೆಯಬೇಕು. ಅದಕ್ಕೆ ದಕ್ಕುತ್ತಿದ್ದದ್ದು ಸರಿಸುಮಾರು 250ರಿಂದ 2,500 ಹರ್ಟ್ಝ್‌ವರೆಗಿನ ನಾದ ಮಾತ್ರ. ಡಬಲ್ ಬಾಸಿನ ಅತಿ ಮಂದ್ರ ತಂತಿ ಕಂಪಿಸುವುದು ಸೆಕೆಂಡಿಗೆ 41 ಬಾರಿ. ತಟ್ಟೆಯ ಮೇಲೆ ಅದು ಮೂಡುವುದೇ ಕಷ್ಟ. ಬ್ಯಾಂಜೊದ ಚುರುಕು ಏಟು, ಟ್ಯೂಬಾದ ಒತ್ತಡದ ಗಾಳಿ ಆ ಕಿರಿದಾದ ಕಿಟಕಿಯಲ್ಲೂ ನುಸುಳುತ್ತಿದ್ದವು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಮುಳ್ಳು ಹಾರುತ್ತಿತ್ತು. ರಿಚ್ಮಂಡಿನಲ್ಲಿ ಆಲಿವರ್ ಬ್ಯಾಂಡಿನ ಡ್ರಮ್‌ವಾದಕ ಬೇಬಿ ಡಾಡ್ಸ್ ಅದನ್ನು ಬಿಟ್ಟು ಮರದ ತುಂಡುಗಳ ಮೇಲೆ ಬಡಿದು ಕಾಲ ನೂಕಬೇಕಾಯಿತು. ಮುಂದೆ ಮೈಕ್ರೊಫೋನ್ ಬಂದು ಕಿಟಕಿ 60ರಿಂದ 6,000 ಹರ್ಟ್ಝ್‌ವರೆಗೆ ತೆರೆದುಕೊಂಡಾಗ ಬಾಸ್ ಇದ್ದಕ್ಕಿದ್ದಂತೆ ಕೇಳಿಸತೊಡಗಿತು. ಊರಿಂದ ಊರಿಗೆ ಶೈಲಿ ಬದಲಾಯಿತು ಎಂದು ನಾವು ಬರೆದುಕೊಂಡದ್ದರಲ್ಲಿ ಒಂದಂಶ ಯಂತ್ರ ಬದಲಾದದ್ದರ ದಾಖಲೆಯಷ್ಟೆ.

ಅದೇ ತಟ್ಟೆಗಳಿಂದ ಹೊಸ ಬಗೆಯ ವಿದ್ಯಾರ್ಥಿಗಳೂ ಹುಟ್ಟಿದರು. ಶಿಕಾಗೊದ ಆಸ್ಟಿನ್ ಹೈಸ್ಕೂಲಿನ ಕೆಲವು ಬಿಳಿಯ ಹುಡುಗರು ಐಸ್‌ಕ್ರೀಮ್ ಅಂಗಡಿಯ ಗ್ರಾಮಫೋನಿನಲ್ಲಿ ನ್ಯೂ ಆರ್ಲಿಯನ್ಸ್ ರಿದಮ್ ಕಿಂಗ್ಸ್ ತಂಡದ ತಟ್ಟೆಗಳನ್ನು ಕೇಳಿ ಕೇಳಿ ಒಂದೊಂದೇ ಸ್ವರ ಕಲಿತರು. ಜಿಮ್ಮಿ ಮ್ಯಾಕ್‌ಪಾರ್ಟ್‌ಲಂಡ್, ಬಡ್ ಫ್ರೀಮನ್, ಫ್ರಾಂಕ್ ಟೆಶ್ಮಾಕರ್ ಇವರು. ಮೂಲದವರ ಹೆಣಿಗೆ ಇವರಿಗೆ ಪೂರ್ತಿ ಕೈಹತ್ತಲಿಲ್ಲ. ಬಿರುಸು, ಒರಟು ಏಕವಾದನ, ಸ್ಯಾಕ್ಸೊಫೋನ್ ಸೇರಿಕೊಂಡು ಬೇರೆಯದೇ ಆಯಿತು. 'ಶಿಕಾಗೊ ಶೈಲಿ' ಎಂಬ ಹೆಸರು ಅಂಟಿಕೊಂಡದ್ದು ಇವರ ನುಡಿಸಾಣಿಕೆಗೆ. ಆ ಹೆಸರು ಪ್ರಚಾರಕ್ಕೆ ಬರುವ ಹೊತ್ತಿಗೆ ಇವರಲ್ಲಿ ಬಹುಮಂದಿ ಕೆಲಸ ಹುಡುಕಿಕೊಂಡು ನ್ಯೂಯಾರ್ಕ್ ಸೇರಿದ್ದರು.

ನ್ಯೂಯಾರ್ಕಿನ ಕಥೆ ಬಾಡಿಗೆಯಿಂದ ಶುರುಮಾಡಬಹುದು. ಹಾರ್ಲೆಮ್‌ನಲ್ಲಿ ಕಪ್ಪು ಜನ ಚಿಕ್ಕ ಮನೆಗೂ ದುಬಾರಿ ಬಾಡಿಗೆ ತೆರುತ್ತಿದ್ದರು. ತಿಂಗಳ ಕೊನೆಗೆ ಹಣ ಸಾಲದೆ ಬಂದರೆ ಮನೆಯಲ್ಲೇ ಪಾರ್ಟಿ ಇಟ್ಟು ಬಾಗಿಲಲ್ಲಿ ಪುಡಿಗಾಸು ವಸೂಲಿ ಮಾಡುವುದು. ಅಂಥ ಮನೆಯಲ್ಲಿ ಬ್ಯಾಂಡಿಗೆ ಜಾಗವಿಲ್ಲ, ಕೊಡಲು ದುಡ್ಡೂ ಇಲ್ಲ. ಒಬ್ಬ ಪಿಯಾನೊದವನೇ ಇಡೀ ಬ್ಯಾಂಡಾಗಬೇಕು. ಎಡಗೈ ಒಂದು-ಮೂರನೆಯ ಎಣಿಕೆಗೆ ಮಂದ್ರದ ಸ್ವರ, ಎರಡು-ನಾಲ್ಕಕ್ಕೆ ಮಧ್ಯದ ಸ್ವರಗುಚ್ಛ ಹಿಡಿಯುತ್ತ ಜಿಗಿಯುವ 'ಸ್ಟ್ರೈಡ್' ಶೈಲಿ ಇಲ್ಲಿ ಪಳಗಿತು. ಜೇಮ್ಸ್ ಪಿ. ಜಾನ್ಸನ್, ವಿಲ್ಲಿ 'ದಿ ಲಯನ್' ಸ್ಮಿತ್, ಫ್ಯಾಟ್ಸ್ ವಾಲರ್ ಇದರ ಉಸ್ತಾದರು. ಜಾನ್ಸನ್ನರ 'ಕ್ಯಾರೊಲಿನಾ ಶೌಟ್' ಅನ್ನು ವಾಷಿಂಗ್ಟನ್ನಿನಲ್ಲಿದ್ದ ಹುಡುಗ ಡ್ಯೂಕ್ ಎಲಿಂಗ್ಟನ್ ಕಲಿತದ್ದು ತಾನೇ ನುಡಿಯುವ ಯಾಂತ್ರಿಕ ಪಿಯಾನೊವನ್ನು ನಿಧಾನಗೊಳಿಸಿ, ಕೆಳಗಿಳಿಯುವ ಮನೆಗಳ ಮೇಲೆ ಬೆರಳಿಟ್ಟು.

ದೊಡ್ಡ ನೃತ್ಯಶಾಲೆ ಮತ್ತು ರಂಗಪ್ರದರ್ಶನಗಳ ಕೆಲಸ ಇನ್ನೊಂದು ಬಗೆ. ಅಲ್ಲಿ ಹೊಸ ಹಾಡು ದಿನಕ್ಕೊಂದು ಬರುತ್ತದೆ, ತಾಲೀಮಿಗೆ ಹೊತ್ತಿಲ್ಲ. ಎದುರಿಗಿಟ್ಟ ಕಾಗದ ನೋಡಿ ನುಡಿಸಬಲ್ಲವನಿಗೇ ಮಣೆ. ಫ್ಲೆಚರ್ ಹೆಂಡರ್ಸನ್ ಅಟ್ಲಾಂಟಾದಲ್ಲಿ ರಸಾಯನಶಾಸ್ತ್ರ ಓದಿ ಅದೇ ವಿಷಯದಲ್ಲಿ ಮುಂದುವರಿಯಲು 1920ರಲ್ಲಿ ನ್ಯೂಯಾರ್ಕಿಗೆ ಬಂದವರು. ಕಪ್ಪು ರಸಾಯನಶಾಸ್ತ್ರಜ್ಞನಿಗೆ ಅಲ್ಲಿ ಹೆಚ್ಚಿನ ಅವಕಾಶವಿರಲಿಲ್ಲ, ಕಪ್ಪು ಪಿಯಾನೊವಾದಕನಿಗಿತ್ತು. 1924ರಿಂದ ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ಅವರ ಬ್ಯಾಂಡು ನೆಲೆನಿಂತಿತು. ಅವರೂ ಡಾನ್ ರೆಡ್ಮನ್ನರೂ ಹಿತ್ತಾಳೆ ವಾದ್ಯಗಳನ್ನು ಒಂದು ಪಂಗಡ, ಸ್ಯಾಕ್ಸೊಫೋನ್-ಕ್ಲಾರಿನೆಟ್‌ಗಳನ್ನು ಇನ್ನೊಂದು ಪಂಗಡ ಮಾಡಿ ಪ್ರಶ್ನೋತ್ತರದಂತೆ ಬರೆದರು. ಕಾಗದದಲ್ಲಿ ನಡುವೆ ಖಾಲಿ ಜಾಗ ಬಿಟ್ಟು, ಅಲ್ಲಿಗೆ ಏಕವಾದಕನನ್ನು ಎಬ್ಬಿಸುತ್ತಿದ್ದರು. ಆ ವರ್ಷ ಶಿಕಾಗೊದಿಂದ ಬಂದು ಸೇರಿದ ಆರ್ಮ್‌ಸ್ಟ್ರಾಂಗ್ ಆ ಖಾಲಿ ಜಾಗದಲ್ಲಿ ಮಾಡಿದ್ದನ್ನು ಕೇಳಿ ಉಳಿದವರೆಲ್ಲ ತಮ್ಮ ಲಯವನ್ನೇ ತಿದ್ದಿಕೊಂಡರು. 1927ರ ಡಿಸೆಂಬರಿನಲ್ಲಿ ಎಲಿಂಗ್ಟನ್ ಕಾಟನ್ ಕ್ಲಬ್ಬಿಗೆ ಸೇರಿದಾಗ ಅವರ ಕೆಲಸ ಬಿಳಿಯ ಗಿರಾಕಿಗಳ ಮುಂದಿನ ನೃತ್ಯನಾಟಕಗಳಿಗೆ ಸಂಗೀತ ಹೊಂದಿಸುವುದು. ದೃಶ್ಯಕ್ಕೊಂದು ಬಣ್ಣ ಬೇಕಿತ್ತು. ಕಹಳೆಯ ಬಾಯಿಗೆ ರಬ್ಬರಿನ ಬಟ್ಟಲು ಹಿಡಿದು ಮನುಷ್ಯರಂತೆ ಗೊಣಗಿಸುವ ಬಬರ್ ಮೈಲಿ, ಜೋ ನ್ಯಾಂಟನ್ ಅವರಂಥ ವಾದಕರನ್ನೇ ಬಣ್ಣದ ಬಟ್ಟಲುಗಳಾಗಿ ಬಳಸುವ ವಿದ್ಯೆಯನ್ನು ಎಲಿಂಗ್ಟನ್ ಕಲಿತದ್ದು ಈ ಚಾಕರಿಯಲ್ಲಿ.

ಓದಬಲ್ಲವನಿಗೆ ಕೆಲಸ ಎಂಬ ಈ ನಿಯಮ ನಮ್ಮ ದೇಶದಲ್ಲೂ ನಡೆದದ್ದುಂಟು. ಶಿಕಾಗೊದ ಪಿಯಾನೊವಾದಕ ಟೆಡ್ಡಿ ವೆದರ್‌ಫರ್ಡ್ ಹೋಟೆಲು ಕೆಲಸದ ಬೆನ್ನುಹತ್ತಿ ಏಷ್ಯಾ ಸುತ್ತಿ, 1945ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಅಂಥವರ ಜೊತೆ ಬೊಂಬಾಯಿ, ಕಲ್ಕತ್ತದ ಹೋಟೆಲುಗಳಲ್ಲಿ ನುಡಿಸಲು ಸಿದ್ಧರಿದ್ದವರು ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಗೋವಾದ ವಾದಕರು. ಅವರಲ್ಲೇ ಹಲವರು ಮುಂದೆ ಹಿಂದಿ ಸಿನಿಮಾದ ವಾದ್ಯಗೋಷ್ಠಿಗೆ ಬಂದರು. 1951ರ 'ಅಲ್ಬೇಲಾ' ಚಿತ್ರದ ಹಾಡುಗಳಲ್ಲಿನ ಕಹಳೆಯ ಹುರುಪು ಚಿಕ್ ಚಾಕೊಲೇಟ್ ಎಂದೇ ಹೆಸರಾದ ಗೋವಾದ ವಾದಕರ ಕೊಡುಗೆ.

ಬರೆದಿಟ್ಟದ್ದು ಅಂಚೆಯಲ್ಲೂ ಹೋಗುತ್ತದೆ. ಜಾಝ್‌ನಲ್ಲಿ ಬರೆಯಲಾಗದ ಅಂಶವೇ ಹೆಚ್ಚು. ಊರಿಗೆ ಅಂಟಿಕೊಂಡು ನಿಂತದ್ದು ಅದು. ಲಯವನ್ನೇ ತೆಗೆದುಕೊಳ್ಳಿ. ಒಂದು ಎಣಿಕೆಯನ್ನು ತಿಶ್ರದಂತೆ ಮೂರಾಗಿ ಒಡೆದು, ಮೊದಲ ಎರಡನ್ನು ಕೂಡಿಸಿ ಉದ್ದ ಸ್ವರ, ಮೂರನೆಯದು ಗಿಡ್ಡ ಸ್ವರ ಮಾಡಿದರೆ 'ಸ್ವಿಂಗ್' ಬರುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಸ್ವೀಡನ್ನಿನ ಆಂಡರ್ಸ್ ಫ್ರಿಬರ್ಗ್ ಮತ್ತು ಆಂಡ್ರಿಯಾಸ್ ಸುಂಡ್‌ಸ್ಟ್ರಾಮ್ 2002ರಲ್ಲಿ ಪ್ರಸಿದ್ಧ ಡ್ರಮ್‌ವಾದಕರ ಮುದ್ರಣಗಳನ್ನು ಅಳೆದು ನೋಡಿದಾಗ ಆ 2:1ರ ಲೆಕ್ಕ ಸ್ಥಿರವಾಗಿ ಎಲ್ಲೂ ಸಿಗಲಿಲ್ಲ. ವಿಳಂಬದಲ್ಲಿ ಅದು 3.5:1ರವರೆಗೂ ಹಿಗ್ಗುತ್ತಿತ್ತು, ಅತಿ ದ್ರುತದಲ್ಲಿ ಸಮಸಮಕ್ಕೆ ಇಳಿಯುತ್ತಿತ್ತು. ಮಧ್ಯಲಯದಿಂದ ಮೇಲೆ ಗಿಡ್ಡ ಸ್ವರದ ಉದ್ದ ಮಾತ್ರ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲೇ ನಿಂತಿತ್ತು. ಜರ್ಮನಿಯ ಗ್ಯೊಟಿಂಗೆನ್‌ನ ಭೌತವಿಜ್ಞಾನಿಗಳು 2022ರಲ್ಲಿ ಇನ್ನೊಂದು ಸೂಕ್ಷ್ಮ ತೋರಿಸಿದರು: ಏಕವಾದಕ ಎಣಿಕೆ ಬೀಳುವ ಜಾಗದಲ್ಲಿ ಸುಮಾರು 30 ಮಿಲಿಸೆಕೆಂಡು ತಡಮಾಡಿ, ಎಣಿಕೆಯ ನಡುವಿನ ಗಿಡ್ಡ ಸ್ವರವನ್ನು ಮಾತ್ರ ತಾಳದೊಡನೆ ಕೂಡಿಸಿದರೆ ಸ್ವಿಂಗ್ ಹೆಚ್ಚುತ್ತದೆ. ಹಾಗೆ ತಡಮಾಡುತ್ತಿದ್ದೇವೆ ಎಂಬುದು ವಾದಕರಿಗೇ ಗೊತ್ತಿರಬೇಕೆಂದಿಲ್ಲ. 30 ಮಿಲಿಸೆಕೆಂಡನ್ನು ಸ್ವರಲಿಪಿ ಹಿಡಿಯಲಾರದು. ಅದು ಒಂದೇ ವೇದಿಕೆಯಲ್ಲಿ ರಾತ್ರಿಗಟ್ಟಲೆ ಪಕ್ಕಪಕ್ಕ ಕೂತವರ ನಡುವೆ, ಅಥವಾ ತಟ್ಟೆಯನ್ನು ನೂರು ಸಲ ತಿರುಗಿಸಿ ಕೇಳಿದವನ ಕಿವಿಗೆ, ಮಾತ್ರ ದಾಟುತ್ತದೆ.

ರಾತ್ರಿಗಟ್ಟಲೆ ಎಂಬ ಮಾತಿಗೆ ಕ್ಯಾನ್ಸಸ್ ಸಿಟಿಯಷ್ಟು ಒಪ್ಪುವ ಊರು ಬೇರೆ ಇಲ್ಲ. ಮಿಸೌರಿ ರಾಜ್ಯದ ಈ ನಗರ ಗೋಧಿ ಮತ್ತು ದನಗಳ ದೊಡ್ಡ ಮಾರುಕಟ್ಟೆ, ರೈಲುಗಳ ಸಂಗಮ. ಊರನ್ನು ಆಳುತ್ತಿದ್ದವನು ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿ. ಅವನ ಕೃಪೆಯಿಂದ ಪಾನನಿಷೇಧ ಅಲ್ಲಿ ಹೆಸರಿಗೆ ಮಾತ್ರ ಇತ್ತು. ಜೂಜು, ಹೆಂಡ, ಕುಣಿತ ಬೆಳಗಿನವರೆಗೆ. 1929ರ ಆರ್ಥಿಕ ಕುಸಿತದಲ್ಲಿ ದೇಶದ ಬ್ಯಾಂಡುಗಳು ಮುರಿದುಬೀಳುತ್ತಿದ್ದಾಗ ಇಲ್ಲಿ ಮಾತ್ರ ಕೆಲಸ ನಿಲ್ಲಲಿಲ್ಲ. ಟೆಕ್ಸಸ್, ಒಕ್ಲಹೋಮಾ ಕಡೆ ಬಸ್ಸು-ಕಾರುಗಳಲ್ಲಿ ತಿರುಗುತ್ತಿದ್ದ ವಾದಕರೆಲ್ಲ ಹದಿನೆಂಟನೆಯ ಬೀದಿ ಮತ್ತು ವೈನ್ ಬೀದಿ ಸೇರುವ ಚೌಕದ ಸುತ್ತ ಬಂದು ಬೀಡುಬಿಟ್ಟರು. ನ್ಯೂಜೆರ್ಸಿಯ ಬಿಲ್ ಬೇಸಿ, ಅಂದರೆ ಮುಂದಿನ ಕೌಂಟ್ ಬೇಸಿ, ತಾನಿದ್ದ ಪ್ರದರ್ಶನ ತಂಡ ಒಡೆದು ಇಲ್ಲಿ ಸಿಕ್ಕಿಹಾಕಿಕೊಂಡವರು.

ಸಂಜೆಯಿಂದ ಬೆಳಕು ಹರಿಯುವ ತನಕ ನುಡಿಸಬೇಕಾದವನಿಗೆ ಬರೆದ ಕಾಗದ ಎಲ್ಲಿಗೆ ಸಾಲುತ್ತದೆ? ಬೇಕಾದದ್ದು ಮುಗಿಯದ ಸಾಮಗ್ರಿ. ಹನ್ನೆರಡು ಆವರ್ತದ ಬ್ಲೂಸ್ ಚೌಕಟ್ಟು ಎಲ್ಲರಿಗೂ ಗೊತ್ತು. ಒಬ್ಬ ಎರಡು ಆವರ್ತದ ಸಣ್ಣ ತುಣುಕೊಂದನ್ನು ಹುಟ್ಟಿಸುತ್ತಾನೆ. ಇಡೀ ಪಂಗಡ ಅದನ್ನೆತ್ತಿಕೊಂಡು ಮತ್ತೆ ಮತ್ತೆ ಒತ್ತುತ್ತದೆ. ಎದುರು ಪಂಗಡ ಅದಕ್ಕೆ ಉತ್ತರ ಹೊಸೆಯುತ್ತದೆ. ಅದರ ಮೇಲೆ ಏಕವಾದಕ ಉಸಿರಿರುವಷ್ಟು ಹೊತ್ತು ಹಾರುತ್ತಾನೆ. ಈ ತುಣುಕಿಗೆ 'ರಿಫ್' ಎಂದೂ, ಹೀಗೆ ತಲೆಯಲ್ಲೇ ಕಟ್ಟಿದ ರಚನೆಗೆ 'ಹೆಡ್ ಅರೇಂಜ್‌ಮೆಂಟ್' ಎಂದೂ ಹೆಸರು. ಹಾಡು ಇಷ್ಟುದ್ದವಾದಾಗ ಕೆಳಗಿನ ಲಯ ಹಗುರವಾಗಿರಬೇಕು. ವಾಲ್ಟರ್ ಪೇಜ್ ಬಾಸಿನಲ್ಲಿ ನಾಲ್ಕೂ ಎಣಿಕೆಗೆ ಸಮನಾಗಿ ನಡೆಯುವ ಸ್ವರ ಇಟ್ಟರು. ಜೋ ಜೋನ್ಸ್ ತಾಳದ ಭಾರವನ್ನು ಕಾಲಿನ ದೊಡ್ಡ ಡ್ರಮ್ಮಿನಿಂದ ಮೇಲೆತ್ತಿ, ಜೋಡಿ ಕಂಚಿನ ತಟ್ಟೆಯಾದ ಹೈ-ಹ್ಯಾಟ್‌ಗೆ ವರ್ಗಾಯಿಸಿದರು. ಬೇಸಿ ಪಿಯಾನೊದಲ್ಲಿ ನುಡಿಸಿದ್ದಕ್ಕಿಂತ ನುಡಿಸದೆ ಬಿಟ್ಟದ್ದೇ ಹೆಚ್ಚು. ಸ್ಟ್ರೈಡ್ ಕಲಿತ ಮನುಷ್ಯ ಎಡಗೈಯನ್ನು ಸುಮ್ಮನಾಗಿಸಬಲ್ಲವನಾದದ್ದು ಬಾಸ್ ಆ ಕೆಲಸ ಮಾಡುತ್ತಿದ್ದುದರಿಂದ. ಈ ನಾಲ್ಕೆಣಿಕೆಯ ಜಾರುನಡೆಯೇ ಈ ಊರಿನ ಅತಿ ದೊಡ್ಡ ಕೊಡುಗೆ ಎಂದು ನನ್ನ ಎಣಿಕೆ.

ಈ ಶೈಲಿಯ ಆರಂಭದ ಶ್ರೇಷ್ಠ ದಾಖಲೆಗಳಾದ ಬೆನ್ನಿ ಮೋಟನ್ ಬ್ಯಾಂಡಿನ ತಟ್ಟೆಗಳು ಮುದ್ರಣವಾದದ್ದು 1932ರ ಡಿಸೆಂಬರಿನಲ್ಲಿ, ಒಂದೂವರೆ ಸಾವಿರ ಕಿಲೊಮೀಟರಿಗೂ ಹೆಚ್ಚು ದೂರದ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ. ಮೋಟನ್ 1935ರಲ್ಲಿ ತೀರಿಕೊಂಡ ಮೇಲೆ ಬೇಸಿ ರೀನೊ ಕ್ಲಬ್ಬಿನಲ್ಲಿ ಒಂಬತ್ತು ಜನರ ತಂಡ ಕಟ್ಟಿದರು. ಅಲ್ಲಿಂದ ಒಂದು ಸಣ್ಣ ರೇಡಿಯೊ ನಿಲಯ ಅದನ್ನು ಬಿತ್ತರಿಸುತ್ತಿತ್ತು. 1936ರಲ್ಲಿ ಶಿಕಾಗೊದಲ್ಲಿ ತನ್ನ ಕಾರಿನ ರೇಡಿಯೊ ತಿರುಗಿಸುತ್ತಿದ್ದ ಜಾನ್ ಹ್ಯಾಮಂಡ್ ಎಂಬ ಸಂಗೀತಪ್ರೇಮಿಗೆ ಅದು ಸಿಕ್ಕಿತು. ವರ್ಷಾಂತ್ಯಕ್ಕೆ ಬ್ಯಾಂಡು ಪೂರ್ವಕ್ಕೆ ಹೊರಟಿತ್ತು. 1939ರಲ್ಲಿ ಪೆಂಡರ್‌ಗಾಸ್ಟ್ ಆದಾಯ ತೆರಿಗೆ ವಂಚನೆಗಾಗಿ ಜೈಲು ಸೇರಿದ. ಊರಿನ ರಾತ್ರಿಗಳು ಗಿಡ್ಡವಾದವು, ವಾದಕರೂ ಚದುರಿದರು. ಹಾಗೆ ಹೊರಬಿದ್ದವರಲ್ಲಿ 1920ರಲ್ಲಿ ಹುಟ್ಟಿದ ಚಾರ್ಲಿ ಪಾರ್ಕರ್ ಒಬ್ಬರು. ಲೆಸ್ಟರ್ ಯಂಗ್ ಬೇಸಿ ಬ್ಯಾಂಡಿನಲ್ಲಿ ನುಡಿಸಿದ್ದನ್ನು ತಟ್ಟೆಯಿಂದ ಸ್ವರಸ್ವರವಾಗಿ ಕಲಿತ ಹುಡುಗ ಅವರು.

ಪಾರ್ಕರ್, ಡಿಝ್ಝಿ ಗಿಲ್ಲೆಸ್ಪಿ, ಥಲೋನಿಯಸ್ ಮಂಕ್ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸಿನಂಥ ಕಡೆ ಕಟ್ಟಿದ ಬೀಬಾಪ್ ಬಗ್ಗೆ ಪುಸ್ತಕಗಳು ರಾಶಿ ಇವೆ. ಇಲ್ಲಿ ಒಂದೇ ಮಾತು. 1944ರಲ್ಲಿ ಅಮೆರಿಕ ಸರ್ಕಾರ ಕುಣಿತ ಅಥವಾ ಗಾಯನ ಇರುವ ಕ್ಲಬ್ಬುಗಳ ಮೇಲೆ ಮೊದಲು ಶೇ. 30, ಕೆಲವೇ ತಿಂಗಳಲ್ಲಿ ಶೇ. 20ರ ಯುದ್ಧಕಾಲದ ತೆರಿಗೆ ಹೇರಿತು. ಬರೀ ವಾದ್ಯಸಂಗೀತಕ್ಕೆ ಅದರಿಂದ ವಿನಾಯಿತಿ ಇತ್ತು. ಕೂತು ಕೇಳುವ, ಕುಣಿಯಲಾಗದ, ನಾಲ್ಕೈದು ಜನರ ಸಂಗೀತಕ್ಕೆ ಮಾಲೀಕರು ದಿಢೀರನೆ ಒಲಿದದ್ದರಲ್ಲಿ ರಸಿಕತೆಯ ಪಾಲು ಎಷ್ಟೋ, ಲೆಕ್ಕಪತ್ರದ ಪಾಲು ಎಷ್ಟೋ.

ಪಶ್ಚಿಮ ಕರಾವಳಿಯ 'ಕೂಲ್' ಶೈಲಿ ಹುಟ್ಟಿದ ಊರು, ತಮಾಷೆಯೆಂದರೆ, ನ್ಯೂಯಾರ್ಕ್. ಅಲ್ಲಿನ ಪಶ್ಚಿಮ 55ನೆಯ ಬೀದಿಯ ನೆಲಮಾಳಿಗೆಯಲ್ಲಿದ್ದ ಗಿಲ್ ಎವನ್ಸ್ ಅವರ ಬಿಡಾರದಲ್ಲಿ ಹರಟುತ್ತಿದ್ದವರು ಮೈಲ್ಸ್ ಡೇವಿಸ್ ನಾಯಕತ್ವದಲ್ಲಿ 1949-50ರಲ್ಲಿ ಒಂಬತ್ತು ಜನರ ತಂಡವಾಗಿ ನುಡಿಸಿದ ಮೆಲುದನಿಯ ಹಾಡುಗಳೇ ಮುಂದೆ 'ಬರ್ತ್ ಆಫ್ ದ ಕೂಲ್' ಎಂದಾದವು. ಆ ಗುಂಪಿನ ಜೆರ್ರಿ ಮಲಿಗನ್ ಲಾಸ್ ಏಂಜಲೀಸಿಗೆ ಹೋಗಿ 1952ರಲ್ಲಿ ಹೇಗ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಟ್ರಂಪೆಟಿನ ಚೆಟ್ ಬೇಕರ್ ಜೊತೆ ಪಿಯಾನೊ ಇಲ್ಲದ ನಾಲ್ವರ ತಂಡ ಕಟ್ಟಿದರು. ಸ್ವರಗುಚ್ಛದ ಹಾಸು ಇಲ್ಲದಾಗ ಎರಡು ಊದುವಾದ್ಯಗಳು ಒಂದನ್ನೊಂದು ಆಲಿಸುತ್ತ ಎಳೆ ಹೆಣೆಯಬೇಕಾಯಿತು. ಸಣ್ಣ ಕೋಣೆಗೆ ಸಣ್ಣ ದನಿ. ಹಾಲಿವುಡ್ ಸ್ಟುಡಿಯೊಗಳಲ್ಲಿ ಹಗಲೆಲ್ಲ ಸಿನಿಮಾಕ್ಕೆ ನುಡಿಸುವ ಸಂಬಳದ ಕೆಲಸವಿದ್ದ ವಾದಕರಿಗೆ ಸ್ವರಲಿಪಿ, ಶುದ್ಧ ನಾದ, ಸಂಯಮ ಕರಗತವಾಗಿದ್ದವು. ಪೆಸಿಫಿಕ್ ಜಾಝ್ ಕಂಪನಿ ಇದನ್ನು ಕಡಲು, ಬಿಸಿಲು, ಚೆಲುವ ಹುಡುಗರ ಫೋಟೊಗಳಿರುವ ಹೊದಿಕೆಯಲ್ಲಿ ಮಾರಿತು.

ಹೊದಿಕೆಯ ಆಚೆಗೆ ಉಳಿದದ್ದು ಸೆಂಟ್ರಲ್ ಅವೆನ್ಯೂ. ಅದೇ ನಗರದ ಆ ಕಪ್ಪು ಬಡಾವಣೆಯಿಂದ ಬಂದವರು ಡೆಕ್ಸ್ಟರ್ ಗಾರ್ಡನ್, ಚಾರ್ಲ್ಸ್ ಮಿಂಗಸ್, ಎರಿಕ್ ಡಾಲ್ಫಿ. ಇವರಲ್ಲಿ ಯಾರನ್ನೂ ತಣ್ಣಗಿನವರು ಎನ್ನಲಾಗದು. ಸ್ಟುಡಿಯೊ ಕೆಲಸ ಹಂಚುತ್ತಿದ್ದ ವಾದಕರ ಸಂಘ ಬಿಳಿಯರಿಗೆ 47ನೆಯ ನಂಬರಿನದು, ಕಪ್ಪು ಜನರಿಗೆ 767ನೆಯದು. ಎರಡೂ ಒಂದಾದದ್ದು 1953ರಲ್ಲಿ. ಸಮುದ್ರದ ಗಾಳಿಗಿಂತ ಈ ಎರಡು ನಂಬರುಗಳು 'ವೆಸ್ಟ್ ಕೋಸ್ಟ್ ಶೈಲಿ'ಯನ್ನು ಹೆಚ್ಚು ವಿವರಿಸುತ್ತವೆ. ಆ ಶೈಲಿಗೆ ತದ್ವಿರುದ್ಧವೆಂದು ಎಲ್ಲರೂ ಪೂರ್ವಕ್ಕೆ ಬರೆದುಕೊಡುವ ಬಿರುಸಿನ ಹಾರ್ಡ್ ಬಾಪ್‌ನ ಅತ್ಯುತ್ತಮ ತಂಡಗಳಲ್ಲೊಂದು, ಕ್ಲಿಫರ್ಡ್ ಬ್ರೌನ್-ಮ್ಯಾಕ್ಸ್ ರೋಚ್ ಪಂಚಕ, ಕೂಡಿಬಂದದ್ದೂ 1954ರ ಲಾಸ್ ಏಂಜಲೀಸಿನಲ್ಲಿ.

ಐವತ್ತರ ದಶಕದ ಬೇರೆ ಊರುಗಳ ಲೆಕ್ಕವೂ ಹೀಗೇ. ಡೆಟ್ರಾಯಿಟಿನಲ್ಲಿ ಕ್ಲಬ್ಬಿಗಿಂತ ಶಾಲೆ ದೊಡ್ಡದು: ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನ ಸಂಗೀತ ತರಗತಿಯಿಂದ ಪಾಲ್ ಚೇಂಬರ್ಸ್, ರಾನ್ ಕಾರ್ಟರ್, ಡೊನಾಲ್ಡ್ ಬರ್ಡ್ ಬಂದರು. ಫಿಲಡೆಲ್ಫಿಯಾ ಸುತ್ತಿನ ನೆರೆಹೊರೆಯ ಬಾರುಗಳಲ್ಲಿ ಜಿಮ್ಮಿ ಸ್ಮಿತ್ ಹ್ಯಾಮಂಡ್ ಆರ್ಗನ್ ಹಿಡಿದರು. ಬಾಸಿನ ಸ್ವರಗಳೂ ಅದರಲ್ಲೇ ಹೊರಡುವುದರಿಂದ ಮಾಲೀಕನಿಗೆ ಒಬ್ಬ ವಾದಕನ ಸಂಬಳ ಉಳಿಯಿತು, ಆರ್ಗನ್ ತ್ರಯ ಎಂಬ ಪ್ರಕಾರವೇ ಬೆಳೆಯಿತು.

ಲಾಂಗ್‌ಪ್ಲೇ ತಟ್ಟೆ ಮನೆಮನೆಗೆ ಬಂದ ಮೇಲೆ, 1947ರಲ್ಲಿ ಉತ್ತರ ಟೆಕ್ಸಸ್‌ನ ಕಾಲೇಜೊಂದು ಜಾಝ್‌ಗೆ ಪದವಿ ಕೊಡಲು ಆರಂಭಿಸಿ ಉಳಿದವೂ ಹಿಂಬಾಲಿಸಿದ ಮೇಲೆ, ವಾದಕ ಯಾವ ಊರಿನವನೆಂದು ಕಿವಿಯಿಂದ ಹೇಳುವುದು ಕಷ್ಟವಾಗಿದೆ. ನ್ಯೂ ಆರ್ಲಿಯನ್ಸಿನಲ್ಲಿ ಮಾತ್ರ ಅಷ್ಟು ಕಷ್ಟವಿಲ್ಲ. ಅಲ್ಲಿ ಪರಸ್ಪರ ಸಹಾಯ ಸಂಘಗಳ ಮೆರವಣಿಗೆ, ಬ್ಯಾಂಡಿನ ಶವಯಾತ್ರೆ ನಿಂತಿಲ್ಲ, ಅಂದರೆ ಹಳೆಯ ಕೆಲಸ ಇನ್ನೂ ಇದೆ. ದಶಕಗಳ ಕಾಲ ನ್ಯೂಯಾರ್ಕಿನಲ್ಲಿ ಬ್ಯಾಂಜೊ-ಗಿಟಾರ್ ನುಡಿಸಿ 1965ರಲ್ಲಿ ಊರಿಗೆ ಮರಳಿದ ಡ್ಯಾನಿ ಬಾರ್ಕರ್, ಎಪ್ಪತ್ತರ ದಶಕದ ಆರಂಭದಲ್ಲಿ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಹುಡುಗರನ್ನು ಸೇರಿಸಿ ಬೀದಿಬ್ಯಾಂಡು ಕಟ್ಟಿದರು. ಅಲ್ಲಿ ಪಳಗಿದ ಕೆಲವರು ಸೇರಿ 1977ರಲ್ಲಿ ರೂಪುಗೊಂಡ ಡರ್ಟಿ ಡಝನ್ ಬ್ರಾಸ್ ಬ್ಯಾಂಡ್ ಮೆರವಣಿಗೆಯ ಹಾಡುಗಳ ನಡುವೆ ಚಾರ್ಲಿ ಪಾರ್ಕರ್, ಮಂಕ್ ರಚನೆಗಳನ್ನೂ ತಂದಿತು. ಬಾಸಿನ ಎಳೆಯನ್ನು ಹೊತ್ತದ್ದು ಹೆಗಲಿಗೆ ಸುತ್ತಿಕೊಳ್ಳುವ ಟ್ಯೂಬಾ, ಅಂದರೆ ಸೂಸಫೋನ್. ಡಬಲ್ ಬಾಸ್ ಹೊತ್ತು ನಡೆಯಲಾಗುವುದಿಲ್ಲವಲ್ಲ.